ವಿದೇಶ ಪ್ರವಾಸಕ್ಕೆ ರೀಲ್ ಕ್ಯಾಮೆರಾವೋ ಡಿಜಿಟಲ್ಲೋ: ಹೊರಡುವ ಮೊದಲು ತೀರ್ಮಾನಿಸುವ ಬಗೆ

ದಾವಣಗೆರೆ, ಚಿತ್ರದುರ್ಗದ ಕಡೆಯಿಂದ ವಿದೇಶಕ್ಕೆ ಹೊರಡುವವರು ಈಗ ಒಂದೇ ಬಗೆಯವರಲ್ಲ. ಮಗಳ ಬಾಣಂತನಕ್ಕೆಂದು ಅಮೆರಿಕಕ್ಕೆ ಹೋಗಿ ತಿಂಗಳುಗಟ್ಟಲೆ ಉಳಿಯುವ ತಂದೆತಾಯಿಗಳಿದ್ದಾರೆ, ಒಂದೇ ವಾರದಲ್ಲಿ ಸಿಂಗಪುರ ಮತ್ತು ಮಲೇಷ್ಯಾಗಳನ್ನು ಮುಗಿಸಿ ಬರುವ ಪ್ಯಾಕೇಜ್ ಟೂರಿನವರಿದ್ದಾರೆ, ಉಮ್ರಾಕ್ಕೆ ಹೋಗುವವರಿದ್ದಾರೆ, ಓದಲು ಜರ್ಮನಿಗೆ ಹೋಗುವ ಹುಡುಗರಿದ್ದಾರೆ. ಇವರಲ್ಲಿ ಕೆಲವರಿಗೆ ಮನೆಯ ಬೀರುವಿನಲ್ಲಿ ತಂದೆಯ ಕಾಲದ ಯಾಶಿಕಾವೋ ಪೆಂಟಾಕ್ಸೋ ರೀಲ್ ಕ್ಯಾಮೆರಾ ಸಿಕ್ಕಿರುತ್ತದೆ. ಅದನ್ನೇ ಒಯ್ಯಬೇಕೇ, ಡಿಜಿಟಲ್ ಕ್ಯಾಮೆರಾ ಕೊಳ್ಳಬೇಕೇ ಎಂಬ ಪ್ರಶ್ನೆ ಆಗ ಹುಟ್ಟುತ್ತದೆ. ಯಾವುದರಲ್ಲಿ ಚಿತ್ರ ಚೆನ್ನಾಗಿ ಬರುತ್ತದೆ ಎಂಬ ವಾದಕ್ಕೆ ಇಳಿದರೆ ಈ ಪ್ರಶ್ನೆ ಬಗೆಹರಿಯುವುದಿಲ್ಲ, ಏಕೆಂದರೆ ಎರಡರಲ್ಲೂ ಒಳ್ಳೆಯ ಚಿತ್ರ ಬರುತ್ತದೆ. ಪ್ರವಾಸ ಎಷ್ಟು ವೇಗದ್ದು, ದಾರಿಯಲ್ಲಿ ಎಷ್ಟು ವಿಮಾನ ನಿಲ್ದಾಣಗಳಿವೆ, ಚಿತ್ರಗಳಿಗಾಗಿ ಮನೆಯಲ್ಲಿ ಯಾರು ಕಾಯುತ್ತಿದ್ದಾರೆ, ರೀಲನ್ನು ಎಲ್ಲಿ ತೊಳೆಸುತ್ತೀರಿ (ಡೆವಲಪ್ ಮಾಡಿಸುತ್ತೀರಿ) ಎಂಬುದನ್ನು ನೋಡಿಯೇ ತೀರ್ಮಾನಿಸಬೇಕು.

ವೇಗವನ್ನೇ ಮೊದಲು ನೋಡೋಣ. ಪ್ಯಾಕೇಜ್ ಟೂರಿನ ಬಸ್ಸು ಒಂದು ಜಾಗದಲ್ಲಿ ಇಪ್ಪತ್ತು ನಿಮಿಷ ನಿಂತಿತೆಂದರೆ, ಶೌಚಾಲಯಕ್ಕೆ ಹೋಗಿಬರುವುದು, ಗೈಡ್ ಹೇಳುವುದನ್ನು ಕೇಳುವುದು, ಚದುರಿದ ಮನೆಮಂದಿಯನ್ನು ಒಂದೆಡೆ ಸೇರಿಸುವುದು ಇವೆಲ್ಲ ಕಳೆದು ಫೋಟೋಗೆ ಉಳಿಯುವುದು ಐದಾರು ನಿಮಿಷ. ರೀಲು ಮುಗಿಯುವುದು ಸಾಮಾನ್ಯವಾಗಿ ಆ ಐದಾರು ನಿಮಿಷಗಳ ನಡುವೆಯೇ. ಮುಗಿದ ರೀಲನ್ನು ಹಿಂದಕ್ಕೆ ಸುತ್ತಿ, ಹೊರತೆಗೆದು, ಹೊಸದನ್ನು ತೊಡಿಸಲು ಪಳಗಿದ ಕೈಗೂ ಒಂದೆರಡು ನಿಮಿಷ ಹಿಡಿಯುತ್ತದೆ. ಮಳೆ ಹನಿಯುತ್ತಿದ್ದರೆ ಅಥವಾ ಚಳಿಗೆ ಬೆರಳು ಮರಗಟ್ಟಿದ್ದರೆ ಇನ್ನೂ ಹೆಚ್ಚು. ಸಾಲದ್ದಕ್ಕೆ, ಗುಂಪಿನ ಚಿತ್ರದಲ್ಲಿ ಯಾರೋ ಒಬ್ಬರು ಕಣ್ಣು ಮುಚ್ಚಿಕೊಂಡಿದ್ದು ಊರಿಗೆ ಬಂದ ಮೇಲೆಯೇ ತಿಳಿಯುತ್ತದೆ, ಮತ್ತೊಮ್ಮೆ ತೆಗೆಯೋಣವೆಂದರೆ ಆ ಜಾಗ ಸಾವಿರಾರು ಕಿಲೋಮೀಟರ್ ಆಚೆ ಇರುತ್ತದೆ. ಇಂಥ ಪ್ರವಾಸಕ್ಕೆ ರೀಲ್ ಕ್ಯಾಮೆರಾವೊಂದನ್ನೇ ನಂಬಿ ಹೊರಡಿ ಎಂದು ನಾನು ಯಾರಿಗೂ ಹೇಳಲಾರೆ.

ಒಂದೇ ಊರಿನಲ್ಲಿ ಎರಡು ಮೂರು ತಿಂಗಳು ಉಳಿಯುವವರ ಮಾತು ಬೇರೆ. ಅವರಿಗೆ ಅದೇ ಬೀದಿಯನ್ನು ಬೆಳಗ್ಗೆಯೂ ಸಂಜೆಯೂ ನೋಡುವ, ಎಲೆ ಉದುರುವ ಮೊದಲೂ ಉದುರಿದ ಮೇಲೂ ನೋಡುವ ಬಿಡುವಿರುತ್ತದೆ. ಮೊದಲ ರೀಲನ್ನು ಅಲ್ಲಿಯೇ ತೊಳೆಸಿ, ಬೆಳಕಿನ ಅಂದಾಜು ತಪ್ಪಿದ್ದರೆ ಎರಡನೆಯ ರೀಲಿನಲ್ಲಿ ತಿದ್ದಿಕೊಳ್ಳಬಹುದು. ದಿನಕ್ಕೆ ನಾಲ್ಕೈದು ಚಿತ್ರ ತೆಗೆದರೆ ಸಾಕೆನ್ನುವ ಇಂಥವರಿಗೆ ರೀಲ್ ಕ್ಯಾಮೆರಾ ನಿಜಕ್ಕೂ ಹೊಂದುತ್ತದೆ. ಹಾಸ್ಟೆಲಿನಲ್ಲಿರುವ ವಿದ್ಯಾರ್ಥಿಗೂ ಇದೇ ಮಾತು ಅನ್ವಯಿಸುತ್ತದೆ, ಆದರೆ ಅವನ ಕಿಸೆ ಅನುಮತಿಸಬೇಕು.

ಚಿತ್ರಗಳು ಯಾರಿಗಾಗಿ ಎಂಬುದು ಎರಡನೆಯ ಪ್ರಶ್ನೆ. ಈಚೆಗೆ ಮನೆಯವರ ವಾಟ್ಸ್ಆ್ಯಪ್ ಗುಂಪಿನಲ್ಲಿ ಅಂದಿನ ಚಿತ್ರ ಅಂದೇ ರಾತ್ರಿ ಬರದಿದ್ದರೆ ಅಜ್ಜಿಗೆ ಆತಂಕ, ಅತ್ತೆಗೆ ಬೇಸರ. ಅದಕ್ಕೆ ಕ್ಯಾಮೆರಾ ಬೇಕಿಲ್ಲ, ಮೊಬೈಲ್ ಸಾಕು. ಹೀಗೆ ನೋಡಿದರೆ ವಿದೇಶಕ್ಕೆ ಹೋಗುವ ಪ್ರತಿಯೊಬ್ಬರ ಜೇಬಿನಲ್ಲೂ ಒಂದು ಡಿಜಿಟಲ್ ಕ್ಯಾಮೆರಾ ಇದ್ದೇ ಇರುತ್ತದೆ. ಆದ್ದರಿಂದ ನಿಜವಾದ ಆಯ್ಕೆ ಇರುವುದು ಮೊಬೈಲಿನ ಜೊತೆಗೆ ಎರಡನೆಯದಾಗಿ ಏನನ್ನು ಒಯ್ಯಬೇಕು ಎಂಬಲ್ಲಿ. ಗೋಡೆಗೆ ಹಾಕುವಷ್ಟು ದೊಡ್ಡ ಪ್ರಿಂಟ್, ದೂರದ ಹಕ್ಕಿ, ರಾತ್ರಿಯ ಬೀದಿ ಇವು ಬೇಕೆನ್ನುವವರು ಡಿಜಿಟಲ್ ಕ್ಯಾಮೆರಾವನ್ನೇ ಒಯ್ಯಲಿ. ಮಕ್ಕಳ ಕಾಲಕ್ಕೂ ಉಳಿಯುವ ಒಂದು ಆಲ್ಬಮ್ಮು, ಕೈಯಲ್ಲಿ ಹಿಡಿದು ನೋಡಬಹುದಾದ ನೆಗೆಟಿವ್ ಬೇಕೆನ್ನುವವರು ರೀಲಿನ ಕಡೆ ನೋಡಲಿ. ಅಲ್ಲಿನ ಆತಿಥೇಯರಿಗೆ ಕೊಟ್ಟು ಬರಲು ಚಿತ್ರ ಬೇಕಿದ್ದರೆ ಇನ್‌ಸ್ಟ್ಯಾಕ್ಸ್‌ನಂಥ ಕೂಡಲೇ ಚಿತ್ರ ಕೊಡುವ ಕ್ಯಾಮೆರಾ ಇವೆರಡಕ್ಕಿಂತ ಉಪಯುಕ್ತ: ಒಂದು ಪ್ಯಾಕಿನಲ್ಲಿ ಹತ್ತೇ ಹಾಳೆ, ಆದರೆ ಬೀಳ್ಕೊಡಲು ಬಾಗಿಲಿಗೆ ಬಂದವರ ಕೈಗೆ ಅವರದೇ ಚಿತ್ರವನ್ನಿಟ್ಟು ಹೊರಡಬಹುದು.

ಖರ್ಚಿನ ಲೆಕ್ಕವನ್ನು ಪ್ರತಿ ಚಿತ್ರಕ್ಕೆ ಎಷ್ಟು ಎಂದು ಹಾಕುವುದೇ ಸರಿ. 35 ಎಂಎಂ ರೀಲಿನಲ್ಲಿ ಸಾಮಾನ್ಯವಾಗಿ 36 ಚಿತ್ರ. ರೀಲಿನ ಬೆಲೆ, ತೊಳೆಸುವ ದರ, ಸ್ಕ್ಯಾನ್ ಮಾಡಿಸುವ ದರ, ಕೊರಿಯರ್ ವೆಚ್ಚ ಇಷ್ಟನ್ನೂ ಕೂಡಿಸಿ 36ರಿಂದ ಭಾಗಿಸಿ. ಅನುಕೂಲಕ್ಕಾಗಿ ಎಲ್ಲ ಸೇರಿ 1,800 ರೂಪಾಯಿ ಎಂದಿಟ್ಟುಕೊಂಡರೆ ಒಂದು ಚಿತ್ರಕ್ಕೆ 50 ರೂಪಾಯಿ ಬಿತ್ತು. ಹತ್ತು ರೀಲಿಗೆ 18,000 ರೂಪಾಯಿ, ಸಿಕ್ಕಿದ್ದು 360 ಚಿತ್ರ. ಡಿಜಿಟಲ್ಲಿನ ಖರ್ಚೆಲ್ಲ ಮೊದಲೇ ಆಗಿಹೋಗುತ್ತದೆ, ಆಮೇಲೆ ಬಟನ್ ಒತ್ತಿದಷ್ಟೂ ಚಿತ್ರ. ವರ್ಷಕ್ಕೊಮ್ಮೆ ಪ್ರವಾಸ ಹೋಗುವವನಿಗೆ, ಮನೆಯಲ್ಲಿ ಹಳೆಯ ಕ್ಯಾಮೆರಾ ಸುಸ್ಥಿತಿಯಲ್ಲಿದ್ದರೆ, ಲಕ್ಷ ರೂಪಾಯಿಯ ಹೊಸ ಡಿಜಿಟಲ್ ಕ್ಯಾಮೆರಾಕ್ಕಿಂತ ಐದಾರು ರೀಲೇ ಅಗ್ಗವಾಗಬಹುದು. ವಾರಾಂತ್ಯಕ್ಕೆಲ್ಲ ಕ್ಯಾಮೆರಾ ಹಿಡಿಯುವವನಿಗೆ ಲೆಕ್ಕ ತಿರುವುಮುರುವಾಗುತ್ತದೆ. ಇಲ್ಲಿ ಒಂದು ಎಚ್ಚರಿಕೆ: ಬೀರುವಿನಲ್ಲಿ ಕ್ಯಾಮೆರಾದ ಜೊತೆ ಸಿಕ್ಕ ಹಳೆಯ ರೀಲುಗಳನ್ನು ಲೆಕ್ಕಕ್ಕೆ ಹಿಡಿಯಬೇಡಿ. ಊಟಿಯ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್‌ನ ‘ಇಂದು’ ರೀಲು ಈಗ ನೆನಪಿಗಷ್ಟೇ ಇರಬೇಕಾದದ್ದು. ಕೊಡಕ್ರೋಮ್ ಎಂಬ ಬಣ್ಣದ ರೀಲು ಸಿಕ್ಕರಂತೂ, 2009ರಲ್ಲಿ ಅದರ ತಯಾರಿಕೆ ನಿಂತು, 2010ರ ಕೊನೆಗೆ ಅಮೆರಿಕದ ಕಾನ್ಸಸ್‌ನಲ್ಲಿದ್ದ ಕಡೆಯ ಲ್ಯಾಬ್ ಕೂಡ ಅದನ್ನು ತೊಳೆಯುವುದನ್ನು ಬಿಟ್ಟಿದೆ. ಬಣ್ಣದ ಚಿತ್ರಗಳಿಗೆ ಡಬ್ಬಿಯ ಮೇಲೆ ‘ಸಿ-41’ (ಬಣ್ಣದ ನೆಗೆಟಿವ್ ತೊಳೆಯುವ ಈಗಿನ ವಿಧಾನ) ಎಂದು ಅಚ್ಚಾಗಿರುವ ಹೊಸ ರೀಲನ್ನೇ ಕೊಳ್ಳಿ.

ವಿಮಾನ ನಿಲ್ದಾಣದ ಎಕ್ಸ್-ರೇ

ರೀಲು ಒಯ್ಯಬೇಕೆಂದು ಮನಸ್ಸು ಮಾಡಿದವರು ಎಲ್ಲಕ್ಕಿಂತ ಹೆಚ್ಚು ಯೋಚಿಸಬೇಕಾದದ್ದು ಇದರ ಬಗ್ಗೆ. ಡಿಜಿಟಲ್ ಕಾರ್ಡಿಗೆ ಎಕ್ಸ್-ರೇಯಿಂದ ಏನೂ ಆಗುವುದಿಲ್ಲ, ತೊಳೆದಾದ ನೆಗೆಟಿವ್‌ಗೂ ಆಗುವುದಿಲ್ಲ. ಆದರೆ ತೊಳೆಯದ ರೀಲಿಗೆ, ಅದು ಬಳಸಿದ್ದಿರಲಿ ಬಳಸದ್ದಿರಲಿ, ಎಕ್ಸ್-ರೇ ಕೂಡ ಒಂದು ಬಗೆಯ ಬೆಳಕೇ. ಚೆಕ್-ಇನ್ ಸಾಮಾನನ್ನು ಪರೀಕ್ಷಿಸುವ ಯಂತ್ರಗಳು ಬಹಳ ಪ್ರಬಲವಾದವು, ಅವುಗಳಲ್ಲಿ ಹಾದ ರೀಲಿನ ಮೇಲೆ ಮಸುಕಾದ ಪಟ್ಟೆಗಳು ಏಳುತ್ತವೆ. ಆದ್ದರಿಂದ ರೀಲನ್ನು ಸೂಟ್‌ಕೇಸಿನಲ್ಲಿ ಎಂದಿಗೂ ಹಾಕಬಾರದು. ಕೈಚೀಲವನ್ನು ನೋಡುವ ಹಳೆಯ ಎಕ್ಸ್-ರೇ ಯಂತ್ರಗಳು ಸೌಮ್ಯವಾದವು. ಐಎಸ್‌ಒ (ಬೆಳಕಿಗೆ ರೀಲಿನ ಚುರುಕುತನ ಸೂಚಿಸುವ ಅಂಕೆ) 400ರವರೆಗಿನ ರೀಲು ಅವುಗಳಲ್ಲಿ ಕೆಲವು ಸಲ ಹಾದರೂ ಕಣ್ಣಿಗೆ ಕಾಣುವ ಹಾನಿ ಆಗುವುದಿಲ್ಲ. ಐಎಸ್‌ಒ 800 ಮತ್ತು ಅದಕ್ಕಿಂತ ಹೆಚ್ಚಿನ ರೀಲುಗಳನ್ನು ಮಾತ್ರ ಅವುಗಳಿಂದಲೂ ದೂರವಿಡಬೇಕು, ಇನ್‌ಸ್ಟ್ಯಾಕ್ಸ್ ಹಾಳೆಯೂ 800ರದ್ದೇ ಎಂಬುದನ್ನು ಮರೆಯಬಾರದು. ಈ ಹಾನಿ ಪ್ರತಿ ಸಲವೂ ಹಿಂದಿನದಕ್ಕೆ ಕೂಡುತ್ತಾ ಹೋಗುತ್ತದೆ. ಬೆಂಗಳೂರಿನಲ್ಲಿ ಒಂದು, ಕೊಲ್ಲಿಯ ಯಾವುದಾದರೂ ನಿಲ್ದಾಣದಲ್ಲಿ ವಿಮಾನ ಬದಲಿಸುವಾಗ ಒಂದು, ಬರುವಾಗ ಮತ್ತೆ ಎರಡು ಎಂದರೆ ಸಾಧಾರಣ ಪ್ರವಾಸದಲ್ಲೇ ನಾಲ್ಕು ತಪಾಸಣೆ ಆಯಿತು. ನಡುವೆ ಒಳನಾಡಿನ ವಿಮಾನ ಹತ್ತಿದರೆ ಇನ್ನೂ ಹೆಚ್ಚು.

ಈಗ ಅನೇಕ ನಿಲ್ದಾಣಗಳಿಗೆ ಆಸ್ಪತ್ರೆಗಳ ಸಿಟಿ ಸ್ಕ್ಯಾನ್ ಮಾದರಿಯ ಹೊಸ ಯಂತ್ರಗಳು ಬರುತ್ತಿವೆ. ಇವು ಕೈಚೀಲವನ್ನು ಸುತ್ತಲಿಂದಲೂ ನೋಡುತ್ತವೆ, ಕಿರಣದ ಪ್ರಮಾಣವೂ ಹೆಚ್ಚು. ಯಾವ ಐಎಸ್‌ಒದ ರೀಲನ್ನೂ ಇವುಗಳೊಳಗೆ ಬಿಡಬಾರದೆಂದು ಕೊಡಕ್ ಕಂಪನಿಯೇ ಹೇಳುತ್ತದೆ. ಯಂತ್ರ ಯಾವುದೆಂದು ಗುರುತಿಸಲು ಒಂದು ಸುಳಿವಿದೆ. ಲ್ಯಾಪ್‌ಟಾಪ್ ಹೊರತೆಗೆಯುವುದು ಬೇಡ, ಚೀಲದಲ್ಲೇ ಇರಲಿ ಎಂದು ಸಿಬ್ಬಂದಿ ಹೇಳಿದರೆ ಅದು ಬಹುಪಾಲು ಸಿಟಿ ಯಂತ್ರವೇ. ಅಲ್ಲಿ ರೀಲುಗಳನ್ನು ಕೈಯಿಂದ ಪರೀಕ್ಷಿಸಲು ಕೇಳಿಕೊಳ್ಳಬೇಕು. ಅದಕ್ಕೆ ಮನೆಯಲ್ಲೇ ಸಿದ್ಧತೆ ಬೇಕು: ರೀಲುಗಳನ್ನು ರಟ್ಟಿನ ಪೆಟ್ಟಿಗೆಯಿಂದ ತೆಗೆದು, ಪ್ಲಾಸ್ಟಿಕ್ ಡಬ್ಬಿಯಿಂದಲೂ ತೆಗೆದು, ಎಲ್ಲವನ್ನೂ ಒಂದು ಪಾರದರ್ಶಕ ಜಿಪ್ ಕವರಿನಲ್ಲಿ ಹಾಕಿ ಕೈಚೀಲದ ಮೇಲ್ಭಾಗದಲ್ಲಿಡಿ. ನಿಮ್ಮ ಸರದಿ ಬರುವ ಮೊದಲೇ ಕವರನ್ನು ಕೈಯಲ್ಲಿ ಹಿಡಿದು, ಟ್ರೇ ಒಳಗೆ ಹೋಗುವ ಮುನ್ನ, ‘ಫೋಟೋ ಫಿಲ್ಮ್, ಹ್ಯಾಂಡ್ ಇನ್ಸ್‌ಪೆಕ್ಷನ್ ಪ್ಲೀಸ್’ ಎಂದರೆ ಸಾಕು. ಇಂಗ್ಲಿಷಿಗೆ ತಡವರಿಸುವ ಹಿರಿಯರು ಇದನ್ನೇ ಚೀಟಿಯಲ್ಲಿ ಬರೆಸಿಕೊಂಡು ಕವರಿನೊಳಗೆ ಇಡಲಿ. ಅಮೆರಿಕದ ನಿಲ್ದಾಣಗಳಲ್ಲಿ ಹೀಗೆ ಕೇಳಲು ನಿಯಮದಲ್ಲೇ ಅವಕಾಶವಿದೆ. ಬೇರೆ ಕಡೆ, ನಮ್ಮಲ್ಲಿಯೂ, ಅದು ಆ ಹೊತ್ತಿನ ಸಿಬ್ಬಂದಿಯ ವಿವೇಚನೆ. ಸಾಲು ಉದ್ದವಿದ್ದಾಗ ಕೇಳಿದರೆ ಒಪ್ಪುವುದು ಕಷ್ಟ, ಆದ್ದರಿಂದ ನಿಲ್ದಾಣಕ್ಕೆ ಮಾಮೂಲಿಗಿಂತ ಒಂದು ಗಂಟೆ ಮುಂಚಿತವಾಗಿಯೇ ತಲುಪಿ. ಕ್ಯಾಮೆರಾದೊಳಗೆ ಅರ್ಧ ಬಳಸಿದ ರೀಲನ್ನು ಬಿಟ್ಟು ನಿಲ್ದಾಣಕ್ಕೆ ಹೋಗಬಾರದು, ಕ್ಯಾಮೆರಾ ಹೇಗೂ ಯಂತ್ರದೊಳಗೆ ಹೋಗಲೇಬೇಕು. ಸೀಸದ ಲೇಪವಿರುವ ಚೀಲಗಳನ್ನು ಕೆಲವರು ಮಾರುತ್ತಾರೆ. ಪರದೆಯ ಮೇಲೆ ಅದು ಕಪ್ಪು ಮುದ್ದೆಯಂತೆ ಕಂಡಾಗ ಸಿಬ್ಬಂದಿ ಚೀಲವನ್ನು ಬಿಚ್ಚಿಸುತ್ತಾರೆ ಇಲ್ಲವೇ ಮತ್ತೊಮ್ಮೆ ಯಂತ್ರಕ್ಕೆ ಹಾಕುತ್ತಾರೆ, ಹಾಗಾಗಿ ನನಗೆ ಅದರಲ್ಲಿ ನಂಬಿಕೆಯಿಲ್ಲ.

ಈ ತೊಂದರೆಯನ್ನು ತಪ್ಪಿಸುವ ದಾರಿಯೂ ಇದೆ. ಟೋಕಿಯೊ, ಲಂಡನ್, ನ್ಯೂಯಾರ್ಕ್‌ನಂಥ ನಗರಗಳಲ್ಲಿ ರೀಲು ಮಾರುವ ಅಂಗಡಿಗಳೂ ತೊಳೆಯುವ ಲ್ಯಾಬುಗಳೂ ಇವೆ. ಅಲ್ಲಿಯೇ ಕೊಂಡು, ಅಲ್ಲಿಯೇ ತೊಳೆಸಿ, ನೆಗೆಟಿವ್ ಮಾತ್ರ ತಂದರೆ ಯಾವ ಯಂತ್ರದ ಭಯವೂ ಇಲ್ಲ. ಊರು ಸುತ್ತುವ ಕಡೆಯ ಎರಡು ದಿನವನ್ನು ಇದಕ್ಕಾಗಿ ಕೈಯಲ್ಲಿಟ್ಟುಕೊಳ್ಳಬೇಕು, ಅಷ್ಟೇ. ವಾರದಲ್ಲಿ ಮೂರು ದೇಶ ಸುತ್ತುವವರಿಗೆ ಇದು ಆಗದ ಮಾತು.

ಬೆಳಕು ಮತ್ತು ರೀಲಿನ ಆಯ್ಕೆ

ನಾವು 14 ಡಿಗ್ರಿ ಉತ್ತರ ಅಕ್ಷಾಂಶದವರು. ವರ್ಷದ ಹೆಚ್ಚಿನ ಕಾಲ ನೆತ್ತಿಯ ಮೇಲೆ ಸುರಿಯುವ ಬಿಸಿಲಿಗೆ ನಮ್ಮ ಕಣ್ಣು ಹೊಂದಿಕೊಂಡಿದೆ, ನಮ್ಮ ಅಂದಾಜೂ ಅದಕ್ಕೇ ಹೊಂದಿಕೊಂಡಿದೆ. ಹಳೆಯ ಸ್ಟುಡಿಯೋದವರು ಬೆಳಕು ಅಳೆಯುವ ಮೀಟರ್ ಇಲ್ಲದೆಯೇ ಬಳಸುತ್ತಿದ್ದ ಸೂತ್ರವೆಂದರೆ, ಚುರುಕು ಬಿಸಿಲಿನಲ್ಲಿ ಅಪರ್ಚರನ್ನು (ಲೆನ್ಸಿನೊಳಗೆ ಬೆಳಕು ಬರುವ ಕಿಂಡಿಯನ್ನು) ಎಫ್/16ಕ್ಕಿಟ್ಟು ರೀಲಿನ ಐಎಸ್‌ಒ ಎಷ್ಟೋ ಅಷ್ಟನೆಯ ಒಂದು ಭಾಗದ ಶಟರ್ ವೇಗ ಇಡುವುದು: 400ರ ರೀಲಿಗೆ, ಕ್ಯಾಮೆರಾದಲ್ಲಿ ಅದಕ್ಕೆ ಹತ್ತಿರವಿರುವ, ಸೆಕೆಂಡಿನ 500ನೆಯ ಒಂದು ಭಾಗ. ದಾವಣಗೆರೆಯ ಮಧ್ಯಾಹ್ನಕ್ಕೆ ಇದು ಕೈಕೊಡುವುದಿಲ್ಲ. ಇದೇ ಸೂತ್ರವನ್ನು 51 ಡಿಗ್ರಿ ಅಕ್ಷಾಂಶದ ಲಂಡನ್ನಿನ ಡಿಸೆಂಬರಿಗೆ ಒಯ್ದರೆ ಚಿತ್ರ ಕಪ್ಪಾಗುತ್ತದೆ. ಅಲ್ಲಿ ಆಗ ಸೂರ್ಯ ಛಾವಣಿಗಳ ಮೇಲಿಂದ ಇಣುಕಿ ಮಧ್ಯಾಹ್ನ 4 ಗಂಟೆಗೆ ಮೊದಲೇ ಮುಳುಗುತ್ತಾನೆ. ಬಿಸಿಲಿರುವಾಗಲೂ ಒಂದೆರಡು ಸ್ಟಾಪ್ (ಒಂದು ಸ್ಟಾಪ್ ಎಂದರೆ ಬೆಳಕು ಎರಡು ಪಟ್ಟು) ಹೆಚ್ಚು ಬೆಳಕು ಕೊಡಬೇಕು, ಮೋಡವಿದ್ದರೆ ಇನ್ನೂ ಹೆಚ್ಚು. ಜೂನ್ ತಿಂಗಳಲ್ಲಿ ಅದೇ ಊರಿನಲ್ಲಿ ರಾತ್ರಿ 9 ದಾಟಿದ ಮೇಲೂ ಬೆಳಕಿರುತ್ತದೆ. ಆದ್ದರಿಂದ ಯಾವ ದೇಶ ಎಂಬುದಕ್ಕಿಂತ ಯಾವ ತಿಂಗಳು ಎಂಬುದನ್ನು ನೋಡಿ ರೀಲು ಆರಿಸಬೇಕು. ಡಿಜಿಟಲ್ ಕ್ಯಾಮೆರಾದಲ್ಲಿ ಪ್ರತಿ ಚಿತ್ರಕ್ಕೂ ಐಎಸ್‌ಒ ಬದಲಿಸಬಹುದು, ರೀಲಿನಲ್ಲಿ 36 ಚಿತ್ರಕ್ಕೂ ಒಂದೇ. ಚಳಿಗಾಲದ ಯುರೋಪಿಗೆ ಹೋಗುವವರು ಡಿಜಿಟಲ್ಲಿನತ್ತ ವಾಲಲು ಇದೊಂದೇ ಕಾರಣ ಸಾಕು.

ರೀಲನ್ನೇ ಒಯ್ಯುವುದಾದರೆ ಐಎಸ್‌ಒ 400ರ ನೆಗೆಟಿವ್ ರೀಲು, ಅದೂ ಒಂದೇ ಬಗೆಯದು, ಸಾಕು. ಕೊಡಕ್ ಪೋರ್ಟ್ರಾ 400 ದುಬಾರಿಯಾದರೂ ಒಂದೆರಡು ಸ್ಟಾಪ್ ಬೆಳಕು ಹೆಚ್ಚಾದರೆ ಸಹಿಸಿಕೊಳ್ಳುತ್ತದೆ; ಅಲ್ಟ್ರಾಮ್ಯಾಕ್ಸ್ 400 ಅದಕ್ಕಿಂತ ಅಗ್ಗ. ಕಪ್ಪು-ಬಿಳುಪಿಗೆ ಇಲ್‌ಫೋರ್ಡ್ ಎಚ್‌ಪಿ5 ಪ್ಲಸ್ ಇದೆ, ಇದನ್ನು ಮನೆಯಲ್ಲೂ ತೊಳೆಯಬಹುದು. ಬಗೆಬಗೆಯ ರೀಲುಗಳನ್ನು ತುಂಬಿಕೊಂಡು ಹೋದರೆ ಬೇಕಾದಾಗ ಬೇಕಾದದ್ದು ಕ್ಯಾಮೆರಾದಲ್ಲಿ ಇರುವುದೇ ಇಲ್ಲ. ನೆಗೆಟಿವ್ ಬದಲು ನೇರವಾಗಿ ಚಿತ್ರವೇ ಮೂಡುವ ಸ್ಲೈಡ್ ರೀಲಿನ ಬಣ್ಣ ಸೊಗಸಾದರೂ, ಅರ್ಧ ಸ್ಟಾಪ್ ತಪ್ಪಿದರೂ ಅದು ಕ್ಷಮಿಸುವುದಿಲ್ಲ, ಅದನ್ನು ಇ-6 ಎಂಬ ವಿಧಾನದಲ್ಲಿ ತೊಳೆಯುವ ಲ್ಯಾಬುಗಳೂ ವಿರಳ. ಮೊದಲ ವಿದೇಶ ಪ್ರವಾಸಕ್ಕೆ ಅದು ಬೇಡ.

ದುರ್ಗದ ಕೋಟೆಯಲ್ಲಿ ಪರೀಕ್ಷೆ

ತೀರ್ಮಾನವನ್ನು ಕಾಗದದ ಮೇಲೆ ಮಾಡಿ ಮುಗಿಸಬೇಡಿ. ಹೊರಡಲು ಎರಡು ತಿಂಗಳಿರುವಾಗಲೇ ಎರಡೂ ಕ್ಯಾಮೆರಾಗಳನ್ನು ಒಂದು ದಿನ ಚಿತ್ರದುರ್ಗದ ಕೋಟೆಗೆ ಒಯ್ಯಿರಿ. ದಾವಣಗೆರೆಯಿಂದ ಹೆದ್ದಾರಿಯಲ್ಲಿ 60 ಕಿಲೋಮೀಟರ್ ಆಸುಪಾಸಿನ ದಾರಿ; ಆದರೆ ವಿದೇಶದಲ್ಲಿ ಎದುರಾಗುವ ಬೆಳಕಿನ ತೊಡಕುಗಳಲ್ಲಿ ಬಹುಪಾಲು ಅಲ್ಲಿಯೇ ಸಿಗುತ್ತವೆ. ನಡುಮಧ್ಯಾಹ್ನ ಬಂಡೆಗಳು ಬೆಳ್ಳಗೆ ಹೊಳೆಯುತ್ತಿರುತ್ತವೆ, ಅವುಗಳ ಬುಡದ ನೆರಳು ಕಡುಗಪ್ಪು. ಒನಕೆ ಓಬವ್ವನ ಕಿಂಡಿಯಲ್ಲಿ ಎರಡು ಮೂರು ಹೆಜ್ಜೆಯೊಳಗೇ ಬೆಳಕು ಇಳಿದುಹೋಗುತ್ತದೆ. ಹಿಡಿಂಬೇಶ್ವರ ಗುಡಿಯ ಒಳಗೆ ಫ್ಲ್ಯಾಷ್ ಇಲ್ಲದೆ ಕೈಯಲ್ಲೇ ಹಿಡಿದು ತೆಗೆಯುವ ಕಷ್ಟ, ಯುರೋಪಿನ ಚರ್ಚುಗಳ ಒಳಗಿನ ಕಷ್ಟಕ್ಕೆ ಸಮ. ಸಂಜೆ ಮೇಲಿನಿಂದ ಜೋಗಿಮಟ್ಟಿಯ ಕಡೆಯ ಗಾಳಿಯಂತ್ರಗಳನ್ನು ನೋಡಿದರೆ ಹಿಂಬೆಳಕಿನ ಪರೀಕ್ಷೆಯೂ ಆಯಿತು. ರಕ್ಷಿತ ಸ್ಮಾರಕವಾದ್ದರಿಂದ ಟ್ರೈಪಾಡಿಗೆ ಅನುಮತಿ ಬೇಕು. ವಿದೇಶದ ಮ್ಯೂಸಿಯಂಗಳಲ್ಲೂ ಟ್ರೈಪಾಡ್ ಬಿಡುವುದಿಲ್ಲವಾದ್ದರಿಂದ ಅದಿಲ್ಲದೆ ತೆಗೆಯುವುದನ್ನೇ ಕಲಿಯಿರಿ.

ಪ್ರತಿ ಜಾಗದಲ್ಲೂ ಒಂದೇ ದೃಶ್ಯವನ್ನು ಎರಡೂ ಕ್ಯಾಮೆರಾಗಳಲ್ಲಿ ತೆಗೆದು, ಅಪರ್ಚರ್ ಮತ್ತು ಶಟರ್ ವೇಗವನ್ನು ಸಣ್ಣ ಪುಸ್ತಕದಲ್ಲಿ ಬರೆದುಕೊಳ್ಳಿ. ಇವೆರಡರ ಗುಣದಲ್ಲಿ ಒಂದು ಮುಖ್ಯ ಅಂತರ ಆಗ ಗೊತ್ತಾಗುತ್ತದೆ. ಡಿಜಿಟಲ್ಲಿನಲ್ಲಿ ಬಂಡೆಯ ಬಿಳಿ ಒಮ್ಮೆ ಸುಟ್ಟುಹೋದರೆ ಅದನ್ನು ಮರಳಿ ಪಡೆಯಲಾಗದು, ಆದರೆ ನೆರಳಿನೊಳಗಿನ ವಿವರವನ್ನು ಬಹಳಷ್ಟು ಮೇಲೆತ್ತಬಹುದು. ನೆಗೆಟಿವ್ ರೀಲಿನಲ್ಲಿ ಇದಕ್ಕೆ ತದ್ವಿರುದ್ಧ: ಬಿಳಿ ತಾಳಿಕೊಳ್ಳುತ್ತದೆ, ಬೆಳಕು ಸಾಲದ ನೆರಳಿನಲ್ಲಿ ಮಾತ್ರ ಏನೂ ದಾಖಲಾಗಿರುವುದಿಲ್ಲ. ಹಾಗಾಗಿ ಡಿಜಿಟಲ್ಲಿನಲ್ಲಿ ಬಿಸಿಲಿಗೆ ಅಳೆಯಬೇಕು, ರೀಲಿನಲ್ಲಿ ನೆರಳಿಗೆ ಅಳೆಯಬೇಕು. ಕೋಟೆಗೆ ಹೋಗಲಾಗದವರು ದಾವಣಗೆರೆಯ ಮಂಡಕ್ಕಿ ಭಟ್ಟಿಗಳ ಕಡೆ ಬೆಳಗಿನ ಜಾವ ಹೋಗಿ, ಕೆಲಸದವರನ್ನು ಕೇಳಿಕೊಂಡು, ಹೊಗೆಯ ನಡುವಿನ ಬೆಂಕಿಯ ಬೆಳಕಿನಲ್ಲಿ ತೆಗೆದು ನೋಡಲಿ. ರಾತ್ರಿಯ ಬೀದಿಗಳಿಗೆ ಅದಕ್ಕಿಂತ ಒಳ್ಳೆಯ ಅಭ್ಯಾಸವಿಲ್ಲ.

ಈ ಪರೀಕ್ಷೆಯಲ್ಲಿ ಹಳೆಯ ಕ್ಯಾಮೆರಾದ ಆರೋಗ್ಯವೂ ತಿಳಿಯುತ್ತದೆ. ಹಿಂಬಾಗಿಲ ಅಂಚಿನ ಕಪ್ಪು ಫೋಮ್ ಕಾಲ ಕಳೆದಂತೆ ಜಿಗುಟಾಗಿ ಉದುರುತ್ತದೆ, ಅಲ್ಲಿಂದ ನುಗ್ಗಿದ ಬೆಳಕು ಚಿತ್ರದ ಮೇಲೆ ಕೆಂಪು ಗೆರೆಯಾಗಿ ಕೂರುತ್ತದೆ. ಲೆನ್ಸನ್ನು ಬೆಳಕಿಗೆ ಹಿಡಿದು ಒಳಗೆ ಜೇಡರ ಬಲೆಯಂಥ ಎಳೆಗಳಿವೆಯೇ ನೋಡಿ, ಇದ್ದರೆ ಅದು ಬೂಷ್ಟು. ಪೆಂಟಾಕ್ಸ್ ಕೆ1000, ನಿಕಾನ್ ಎಫ್‌ಎಂ2ಗಳಂಥ ಕ್ಯಾಮೆರಾಗಳ ಶಟರ್ ಬ್ಯಾಟರಿ ಇಲ್ಲದೆಯೂ ಓಡುತ್ತದೆ, ಮೀಟರಿಗಷ್ಟೇ ಪುಟ್ಟ ಸೆಲ್ಲು ಬೇಕು. ಆ ಎಲ್‌ಆರ್44 ಸೆಲ್ಲು ಗಡಿಯಾರ ರಿಪೇರಿ ಅಂಗಡಿಯಲ್ಲೂ ಸಿಗುತ್ತದೆ, ನಾಲ್ಕು ಕೊಂಡು ಇಟ್ಟುಕೊಳ್ಳಿ. ಯಾಶಿಕಾ ಎಂಎಫ್-2ಗೆ ಮಾಮೂಲಿ ಪೆನ್ಸಿಲ್ ಸೆಲ್ಲು ಸಾಕು. ರೀಲು ತೊಡಿಸುವುದನ್ನು ಮನೆಯಲ್ಲೇ ಕಣ್ಣುಮುಚ್ಚಿ ಮಾಡುವಷ್ಟು ರೂಢಿಸಿಕೊಳ್ಳಿ: ರೀಲಿನ ನಾಲಿಗೆಯನ್ನು ಬಲಗಡೆಯ ಸ್ಪೂಲಿನ ಸೀಳಿಗೆ ಸಿಕ್ಕಿಸಿ, ಎರಡೂ ಅಂಚಿನ ತೂತುಗಳು ಹಲ್ಲುಗಳ ಮೇಲೆ ಕುಳಿತಿರುವುದನ್ನು ನೋಡಿ, ಬಾಗಿಲು ಮುಚ್ಚಿ ಎರಡು ಸಲ ಮುಂದಕ್ಕೆ ಎಳೆಯಿರಿ. ಎಡಗಡೆಯ ಹಿಂಸುತ್ತುವ ಗುಬುಟು ಆಗ ತಾನಾಗಿಯೇ ತಿರುಗಬೇಕು. ಅದು ತಿರುಗದಿದ್ದರೆ ರೀಲು ಸಿಕ್ಕಿಕೊಂಡಿಲ್ಲ, ಎಷ್ಟು ಒತ್ತಿದರೂ ಒಂದೂ ಚಿತ್ರ ಬರುವುದಿಲ್ಲ.

ಪರೀಕ್ಷೆಯ ರೀಲು ತೊಳೆದು ಬಂದ ಮೇಲೆ ತೀರ್ಮಾನಿಸಿ. ಅರ್ಧಕ್ಕಿಂತ ಹೆಚ್ಚು ಚಿತ್ರಗಳು ನಿಮಗೆ ಹಿಡಿಸಿದರೆ ರೀಲನ್ನು ಒಯ್ಯಲು ಅಡ್ಡಿಯಿಲ್ಲ. ಇಲ್ಲವಾದರೆ ಈ ಪ್ರವಾಸ ಡಿಜಿಟಲ್ಲಿನಲ್ಲಿ ಆಗಲಿ, ರೀಲಿನ ಅಭ್ಯಾಸ ಊರಿನಲ್ಲೇ ಮುಂದುವರಿಯಲಿ. ನನ್ನ ಒಲವು ಇದು: ಮನೆಮಂದಿಯ ಚಿತ್ರ, ಗುಂಪಿನ ಚಿತ್ರ, ರಾತ್ರಿಯ ಚಿತ್ರ, ಮತ್ತೆ ಸಿಗದ ಸಂದರ್ಭ ಎಲ್ಲವೂ ಡಿಜಿಟಲ್ಲಿನಲ್ಲಿ, ನಾಲ್ಕೈದು ರೀಲುಗಳನ್ನು ಒಂದೇ ವಿಷಯಕ್ಕೆ, ಅಂದರೆ ಆ ಊರಿನ ಅಂಗಡಿಗಳ ಮುಂಭಾಗಕ್ಕೋ ಮೊಮ್ಮಗುವಿನ ಮೊದಲ ತಿಂಗಳಿಗೋ, ಮೀಸಲಿಡುವುದು. ಒಂದೇ ದೃಶ್ಯವನ್ನು ಎರಡರಲ್ಲೂ ತೆಗೆಯುವುದು ಪರೀಕ್ಷೆಗೆ ಸರಿ, ಪ್ರವಾಸದಲ್ಲಿ ಅದು ಎರಡು ಪಟ್ಟು ಭಾರ ಹೊತ್ತು ಅರ್ಧ ನೋಡಿದಂತೆ.

ಡಿಜಿಟಲ್ಲಿಗೆ ಬೇಕಾದ ಸಿದ್ಧತೆ

ಡಿಜಿಟಲ್ ಆರಿಸಿದವರಿಗೂ ತಾಪತ್ರಯಗಳಿವೆ. ಬಿಡಿ ಬ್ಯಾಟರಿ ಮತ್ತು ಪವರ್ ಬ್ಯಾಂಕ್‌ಗಳನ್ನು ಸೂಟ್‌ಕೇಸಿನಲ್ಲಿ ಹಾಕುವಂತಿಲ್ಲ, ಕೈಚೀಲದಲ್ಲೇ ಒಯ್ಯಬೇಕು. 100 ವ್ಯಾಟ್-ಅವರ್ ಒಳಗಿನವಕ್ಕೆ ತೊಂದರೆಯಿಲ್ಲ. ಮಿರರ್‌ಲೆಸ್ ಕ್ಯಾಮೆರಾದ ಬ್ಯಾಟರಿ ಸಾಮಾನ್ಯವಾಗಿ 20ರ ಒಳಗೇ ಇರುತ್ತದೆ. ಹಲವು ವಿಮಾನ ಸಂಸ್ಥೆಗಳು ಕೈಚೀಲಕ್ಕೆ 7 ಅಥವಾ 8 ಕಿಲೋ ಮಿತಿ ಇಟ್ಟಿರುವುದರಿಂದ ಮೂರು ಲೆನ್ಸಿನ ಆಸೆಯನ್ನು ತೂಗುತಕ್ಕಡಿಯ ಮುಂದೆಯೇ ಬಿಡುವುದು ಒಳಿತು. ಚಾರ್ಜರಿನ ಮೇಲೆ 100–240 ವೋಲ್ಟ್ ಎಂದಿದ್ದರೆ ಜಪಾನಿನ 100 ವೋಲ್ಟಿಗೂ ನಡೆಯುತ್ತದೆ. ಪ್ಲಗ್ಗಿನ ಆಕಾರಕ್ಕೆ ಮಾತ್ರ ಅಡಾಪ್ಟರ್ ಬೇಕು.

24 ಮೆಗಾಪಿಕ್ಸೆಲ್ ಕ್ಯಾಮೆರಾದ ಒಂದು ರಾ ಫೈಲು (ಕ್ಯಾಮೆರಾ ತಿದ್ದದೆ ಹಾಗೆಯೇ ಉಳಿಸುವ ಮೂಲ ಕಡತ) 25ರಿಂದ 30 ಎಂಬಿ ಇರುತ್ತದೆ ಎಂದು ಹಿಡಿದರೆ 64 ಜಿಬಿ ಕಾರ್ಡಿನಲ್ಲಿ ಎರಡು ಸಾವಿರಕ್ಕೂ ಹೆಚ್ಚು ಚಿತ್ರ ಹಿಡಿಯುತ್ತವೆ. ಹಾಗೆಂದು ಇಡೀ ಪ್ರವಾಸವನ್ನು ಒಂದೇ ಕಾರ್ಡಿನಲ್ಲಿ ತುಂಬಬಾರದು. ಕ್ಯಾಮೆರಾ ಕಳುವಾದರೆ ರೀಲಿನವನು ಕಳೆದುಕೊಳ್ಳುವುದು ಕ್ಯಾಮೆರಾದೊಳಗಿನ ಒಂದೇ ರೀಲನ್ನು, ಡಿಜಿಟಲ್ಲಿನವನು ಎಲ್ಲವನ್ನೂ ಕಳೆದುಕೊಳ್ಳುತ್ತಾನೆ. ಸಣ್ಣ ಕಾರ್ಡುಗಳನ್ನು ಒಯ್ದು ಎರಡು ಮೂರು ದಿನಕ್ಕೊಮ್ಮೆ ಬದಲಿಸಿ. ತುಂಬಿದ ಕಾರ್ಡು ಕ್ಯಾಮೆರಾ ಚೀಲದಲ್ಲಿ ಇರಬಾರದು, ಪಾಸ್‌ಪೋರ್ಟಿನ ಜೊತೆ ಮೈಮೇಲಿರಲಿ. ರಾತ್ರಿ ಹೋಟೆಲಿಗೆ ಬಂದ ಮೇಲೆ ಪೋರ್ಟಬಲ್ ಎಸ್‌ಎಸ್‌ಡಿಗೆ (ಕೈಯಲ್ಲಿ ಒಯ್ಯಬಹುದಾದ ಶೇಖರಣಾ ಡಿಸ್ಕಿಗೆ) ಒಂದು ಪ್ರತಿ ಮಾಡಿ, ಆ ದಿನದ ಮುಖ್ಯ ಚಿತ್ರಗಳನ್ನು ಇಂಟರ್ನೆಟ್ಟಿಗೆ ಏರಿಸಿ. ಗೂಗಲ್ ಪುಕ್ಕಟೆ ಕೊಡುವ 15 ಜಿಬಿ ರಾ ಫೈಲುಗಳಿಗೆ ಸಾಲದು, ಜೆಪೆಗ್‌ಗಳಿಗೆ ಸಾಕಾದೀತು. ವಿಮಾನ ಇಳಿದ ಕೂಡಲೇ ಕ್ಯಾಮೆರಾದ ಗಡಿಯಾರವನ್ನು ಸ್ಥಳೀಯ ವೇಳೆಗೆ ತಿರುಗಿಸಿ. ಹಾಗೆ ಮಾಡದಿದ್ದರೆ ಮೊಬೈಲಿನ ಚಿತ್ರಗಳೂ ಕ್ಯಾಮೆರಾದ ಚಿತ್ರಗಳೂ ಒಂದೆಡೆ ಸೇರಿದಾಗ ಬೆಳಗಿನ ತಿಂಡಿಗಿಂತ ಮೊದಲು ರಾತ್ರಿಯ ಊಟ ಬಂದಿರುತ್ತದೆ.

ಬೆಲೆಬಾಳುವ ಕ್ಯಾಮೆರಾ ಒಯ್ಯುವವರು, ರೀಲಿನದಾಗಲಿ ಡಿಜಿಟಲ್ಲಾಗಲಿ, ಹೊರಡುವಾಗ ಬೆಂಗಳೂರಿನ ಕಸ್ಟಮ್ಸ್ ಕೌಂಟರಿನಲ್ಲಿ ಅದನ್ನು ತೋರಿಸಿ ಎಕ್ಸ್‌ಪೋರ್ಟ್ ಸರ್ಟಿಫಿಕೇಟ್ ಪಡೆಯಬಹುದು. ಕ್ಯಾಮೆರಾ ಮತ್ತು ಲೆನ್ಸುಗಳ ಸೀರಿಯಲ್ ನಂಬರ್, ಕೊಂಡ ಬಿಲ್ಲು ಜೊತೆಗಿರಲಿ; ಮರಳಿ ಬರುವಾಗ ಇದನ್ನು ಅಲ್ಲಿ ಕೊಂಡದ್ದೆಂದು ಸುಂಕ ಕೇಳುವ ಪ್ರಸಂಗ ಬರುವುದಿಲ್ಲ.

ದಾರಿಯಲ್ಲಿ, ಮತ್ತು ಮರಳಿದ ಮೇಲೆ

ರೀಲಿನಲ್ಲಿ ದಿನಾಂಕವಾಗಲಿ ಜಾಗದ ಹೆಸರಾಗಲಿ ತಾನಾಗಿ ದಾಖಲಾಗುವುದಿಲ್ಲ. ಪ್ರತಿ ರೀಲಿಗೂ ಸಂಖ್ಯೆ ಕೊಟ್ಟು, ತೊಡಿಸಿದ ಊರು ಮತ್ತು ತೆಗೆದ ಊರನ್ನು ರೀಲಿನ ಮೇಲೆಯೇ ಮಾರ್ಕರಿನಿಂದ ಬರೆಯಿರಿ. ಮುಗಿದ ರೀಲಿನ ನಾಲಿಗೆಯನ್ನು ಪೂರ್ತಿ ಒಳಕ್ಕೆ ಸುತ್ತಿಬಿಡಿ, ಹೊಸದೆಂದು ತಿಳಿದು ಎರಡನೆಯ ಸಲ ತೊಡಿಸುವ ಅಪಾಯ ತಪ್ಪುತ್ತದೆ. ಹಿಮ ಬೀಳುವ ಊರಿನಲ್ಲಿ ಬ್ಯಾಟರಿಯ ಕಸುವು ಬೇಗ ಇಳಿಯುತ್ತದೆ, ಬಿಡಿ ಬ್ಯಾಟರಿಯನ್ನು ಕೋಟಿನ ಒಳಜೇಬಿನಲ್ಲಿಡಿ. ರೀಲು ಆ ಚಳಿಗೆ ಪೆಡಸಾಗುವುದರಿಂದ ನಿಧಾನವಾಗಿ ಸುತ್ತಿ. ಹೊರಗಿನಿಂದ ಬೆಚ್ಚನೆಯ ಕೋಣೆಗೆ ಬರುವ ಮೊದಲು ಕ್ಯಾಮೆರಾವನ್ನು ಜಿಪ್ ಕವರಿನೊಳಗೆ ಮುಚ್ಚಿ, ಒಂದು ಗಂಟೆ ಹಾಗೆಯೇ ಬಿಟ್ಟರೆ ನೀರಿನ ಹನಿ ಕವರಿನ ಮೇಲೆ ಕೂರುತ್ತದೆ, ಲೆನ್ಸಿನ ಮೇಲಲ್ಲ. ಮ್ಯೂಸಿಯಂಗಳ ನಿಯಮ ಒಂದೊಂದು ಕಡೆ ಒಂದೊಂದು: ಪ್ಯಾರಿಸ್ಸಿನ ಲೂವ್ರ್‌ನಲ್ಲಿ ಚಿತ್ರ ತೆಗೆಯಬಹುದು ಆದರೆ ಫ್ಲ್ಯಾಷ್ ನಿಷಿದ್ಧ, ವ್ಯಾಟಿಕನ್ನಿನ ಸಿಸ್ಟೀನ್ ಚಾಪೆಲ್ಲಿನಲ್ಲಿ ಚಿತ್ರವನ್ನೇ ತೆಗೆಯುವಂತಿಲ್ಲ, ಕ್ಯೋಟೊದ ಗಿಯೋನ್‌ನ ಖಾಸಗಿ ಓಣಿಗಳಲ್ಲಿ ತೆಗೆದರೆ ದಂಡ.

ಊರಿಗೆ ಬಂದ ಮೇಲೆ ರೀಲು ತೊಳೆಸುವ ಪ್ರಶ್ನೆ. ಒಂದು ಕಾಲಕ್ಕೆ ನಮ್ಮ ಊರುಗಳ ಕಲರ್ ಲ್ಯಾಬುಗಳಲ್ಲೇ ಆಗುತ್ತಿದ್ದ ಕೆಲಸಕ್ಕೆ ಈಗ ಬೆಂಗಳೂರಿನತ್ತ ನೋಡಬೇಕಾಗಿದೆ. ಕಪ್ಪು-ಬಿಳುಪನ್ನು ಮನೆಯಲ್ಲೇ ತೊಳೆಯಬಲ್ಲವರು ನಮ್ಮ ನೀರಿನ ಸ್ವಭಾವ ತಿಳಿದಿರಬೇಕು. ಡಿ-76 ಡೆವಲಪರಿಗೆ (ರೀಲಿನಲ್ಲಿ ಚಿತ್ರ ಮೂಡಿಸುವ ರಾಸಾಯನಿಕಕ್ಕೆ) 20 ಡಿಗ್ರಿ ನೀರು ಬೇಕು, ಆಗ ಎಚ್‌ಪಿ5 ಪ್ಲಸ್‌ಗೆ ಏಳೂವರೆ ನಿಮಿಷ. ಬೇಸಿಗೆಯಲ್ಲಿ ಮಾಳಿಗೆಯ ಟ್ಯಾಂಕಿನಿಂದ ಬರುವ ನೀರು 30 ಡಿಗ್ರಿ ದಾಟಿರುವುದರಿಂದ ಪಾತ್ರೆಯನ್ನು ಐಸ್ ನೀರಿನ ಬೋಗುಣಿಯಲ್ಲಿಟ್ಟು ತಣಿಸಲೇಬೇಕು. ಬೋರಿನ ಗಡಸು ನೀರು ಒಣಗಿದಾಗ ನೆಗೆಟಿವ್ ಮೇಲೆ ಬಿಳಿ ಕಲೆ ಉಳಿಸುತ್ತದೆ, ಕಡೆಯ ತೊಳೆತಕ್ಕೆ ಬ್ಯಾಟರಿ ಅಂಗಡಿಯ ಡಿಸ್ಟಿಲ್ಡ್ ವಾಟರ್ ಬಳಸಿ. ಬಣ್ಣದ ಸಿ-41 ತೊಳೆತಕ್ಕೆ 37.8 ಡಿಗ್ರಿಯನ್ನು ಕೂದಲೆಳೆಯಷ್ಟೂ ತಪ್ಪದಂತೆ ಕಾಯಬೇಕು, ಅದನ್ನು ಲ್ಯಾಬಿಗೇ ಬಿಡಿ.

ಲ್ಯಾಬಿಗೆ ಕಳುಹಿಸುವಾಗ ವಿಮಾನದಲ್ಲಿ ಸಾಗುವ ಕೊರಿಯರಿಗಿಂತ ಬಸ್ಸಿನ ಪಾರ್ಸೆಲ್ ಅಥವಾ ಬೆಂಗಳೂರಿಗೆ ಹೊರಟ ಪರಿಚಿತರ ಕೈ ಲೇಸು, ಮತ್ತೊಂದು ಎಕ್ಸ್-ರೇ ತಪ್ಪುತ್ತದೆ. ನೆಗೆಟಿವ್‌ಗಳನ್ನು ಎಸೆಯದೆ ಆರಾರು ಚಿತ್ರದ ಪಟ್ಟಿಗಳಾಗಿ ಕತ್ತರಿಸಿ ಹಿಂದಿರುಗಿಸಲು ಚೀಟಿಯಲ್ಲೇ ಬರೆಯಿರಿ, ಸ್ಕ್ಯಾನ್ ಮಾತ್ರ ಕಳುಹಿಸಿ ಸುಮ್ಮನಾಗುವ ಲ್ಯಾಬುಗಳೂ ಇವೆ. ಎಲ್ಲ ರೀಲುಗಳನ್ನೂ ಒಂದೇ ಕಂತಿನಲ್ಲಿ ಕಳುಹಿಸಬೇಡಿ. ಮೊದಲು ಒಂದನ್ನು ತೊಳೆಸಿ ನೋಡಿ. ನೆರಳುಗಳೆಲ್ಲ ಬರಿದಾಗಿ ನೆಗೆಟಿವ್ ತೆಳ್ಳಗೆ ಬಂದಿದ್ದರೆ ಮೀಟರ್ ತಪ್ಪು ಓದಿದೆಯೆಂದು ಅರ್ಥ, ಮತ್ತು ಉಳಿದ ರೀಲುಗಳನ್ನು ಒಂದು ಸ್ಟಾಪ್ ಪುಶ್ ಮಾಡಿ (ಡೆವಲಪರಿನಲ್ಲಿ ಹೆಚ್ಚು ಹೊತ್ತು ಬಿಟ್ಟು) ತೊಳೆಯಲು ಆಗ ಲ್ಯಾಬಿನವರಿಗೆ ಹೇಳಬಹುದು.